ಒಂದು ಮನೆಗೆ ಒಂದೇ ವಸ್ತು

ಸೋಪಿನ ಪುಡಿಯ ಪೊಟ್ಟಣಕ್ಕಾಗಿ ಆ ಮನೆಯಲ್ಲಿ ಜಗಳವಾದದ್ದು ಅದೇ ಮೊದಲು. ಪುಡಿಗಾಗಿ ಅಲ್ಲ, ಖಾಲಿ ಪೊಟ್ಟಣಕ್ಕಾಗಿ. ಪ್ರತಿಮಾ ಹಿತ್ತಲಿಗೆ ಓಡಿ ಬರುವ ಹೊತ್ತಿಗೆ ಅದರ ಒಂದು ತುದಿ ಅವಳ ಮಗಳು ಸಿರಿಯ ಕೈಯಲ್ಲಿತ್ತು, ಇನ್ನೊಂದು ತುದಿ ಮೈದುನನ ಮಗಳು ಧನುಶ್ರೀಯ ಕೈಯಲ್ಲಿ. ಪೊಟ್ಟಣ ಇನ್ನೂ ಖಾಲಿಯಾಗಿರಲಿಲ್ಲ ಎನ್ನುವುದನ್ನು ಇಬ್ಬರೂ ಮರೆತಿದ್ದರು. ಪುಡಿಯೆಲ್ಲ ಒಗೆಯುವ ಕಲ್ಲಿನ ಮೇಲೆ ಚೆಲ್ಲಿ, ತೇವಕ್ಕೆ ನೊರೆ ಏಳುತ್ತಿತ್ತು.

"ಬುಡೇ, ಇದು ನಮ್ಮ ಟೀಮಿಗೆ!"

"ಮೊದ್ಲು ನೋಡಿದ್ದು ನಾನು ಕಣೇ!"

"ನೋಡಿದ್ರೆ ಆಗೋಯ್ತಾ? ತಂದಿದ್ದು ನಮ್ಮಪ್ಪ!"

"ಕೊಡ್ರೇ ಇಲ್ಲಿ," ಎಂದು ಪ್ರತಿಮಾ ಪೊಟ್ಟಣ ಕಿತ್ತುಕೊಂಡಳು. "ಅರ್ಧ ಕೆಜಿ ಪುಡಿ ಕಲ್ಲಿನ ಪಾಲಾಯ್ತು. ಈಗ ಕಲ್ಲನ್ನೇ ಉಜ್ಜಿ, ಇಬ್ರೂ."

ಶಾಲೆಯಲ್ಲಿ ಸ್ಪರ್ಧೆ ಶುರುವಾಗಿ ಎರಡು ದಿನವಾಗಿತ್ತಷ್ಟೆ. ಬೈರಾಪಟ್ಟಣದ ಪಕ್ಕದ ಆ ಸಣ್ಣ ಊರಿನ ಶಾಲೆಗೆ ಜ್ಯೋತಿಲಕ್ಷ್ಮಿ ಮಿಸ್ಸು ಹೊಸದಾಗಿ ಬಂದಿದ್ದರು. ಕಸವನ್ನು ಬೇರ್ಪಡಿಸುವುದು, ಹಳೆಯದನ್ನು ಮತ್ತೆ ಬಳಸುವುದು, ಇವನ್ನೆಲ್ಲ ಪಾಠ ಓದಿಸಿ ಕಲಿಸುವ ಬದಲು ಆಟ ಆಡಿಸಿ ಕಲಿಸುತ್ತೇನೆಂದು ಮಕ್ಕಳಿಂದ ಚೀಟಿ ಎತ್ತಿಸಿ ಎರಡು ತಂಡ ಮಾಡಿದ್ದರು. ತಂಡಗಳಿಗೆ ಹತ್ತಿರದ ಹೊಳೆಗಳ ಹೆಸರು: ಕಣ್ವ, ಶಿಂಷಾ. ಒಂದು ತಿಂಗಳ ಆಟ, ಮೂರು ಸುತ್ತು. ಕೊನೆಯ ದಿನ ಸೋತ ತಂಡ ಗೆದ್ದ ತಂಡಕ್ಕೆ ಬಿಸಿಯೂಟ ಬಡಿಸಬೇಕು. ಬೇರೆ ಬಹುಮಾನವಿಲ್ಲ. ಚೀಟಿಯಲ್ಲಿ ಸಿರಿಗೆ ಕಣ್ವ ಬಂತು, ಧನುವಿಗೆ ಶಿಂಷಾ. ಒಂದೇ ಮನೆಯ ಕಸಕ್ಕೆ ಇಬ್ಬರು ವಾರಸುದಾರರು ಹುಟ್ಟಿಕೊಂಡರು.

ಮೊದಲ ಸುತ್ತಿನಲ್ಲಿ ತೊಳೆದು ಒಣಗಿಸಿದ ಒಣಕಸ ತರಬೇಕಿತ್ತು. ಪ್ಲಾಸ್ಟಿಕ್ ಬೇರೆ, ಕಾಗದ ಬೇರೆ, ಗಾಜು ತಗಡು ಬೇರೆ. ಕವರಿನ ಎಣ್ಣೆ ಮುಗಿಯುವ ಮೊದಲೇ ಮಕ್ಕಳು ಅದನ್ನು ಲೋಟಕ್ಕೆ ಸುರಿದು ಕವರು ಎತ್ತಿಕೊಳ್ಳುತ್ತಿದ್ದರು. ಅತ್ತೆ ಮುನಿಯಮ್ಮ ನೀರೊಲೆ ಹೊತ್ತಿಸಲು ಪ್ಲಾಸ್ಟಿಕ್ ಕವರನ್ನೇ ಬತ್ತಿ ಮಾಡುತ್ತಿದ್ದವರು. ಅವರು ಕವರು ಕೈಗೆತ್ತಿಕೊಂಡರೆ ಸಾಕು, ಎರಡು ಕಡೆಯಿಂದ ಇಬ್ಬರೂ ಹಾರಿ ಬರುತ್ತಿದ್ದರು.

"ಅಜ್ಜಿ, ಸುಟ್ರೆ ವಿಷದ ಹೊಗೆ ಬತ್ತದೆ! ಮೈನಸ್ ಮಾರ್ಕು!"

"ನಿಮ್ಮ ಮಾರ್ಕಿಗೆ ಬೆಂಕಿ ಹಾಕ. ನಾನು ತಣ್ಣೀರು ಹುಯ್ಕಂಬೇಕೇನ್ರೇ?"

"ತೆಂಗಿನ ಗರಿ ಐತಲ್ಲ ಅಜ್ಜಿ."

"ಹೇಳ್ಕೊಡಾಕೆ ಬಂದವ್ರೆ, ಮೊಳದುದ್ದ ಇಲ್ಲ," ಎಂದು ಗೊಣಗುತ್ತ ಮುನಿಯಮ್ಮ ಗರಿ ಮುರಿಯುತ್ತಿದ್ದರು.

ಪಂಪ್‌ಸೆಟ್ಟಿನ ಕೋಣೆಯಿಂದ ಸಿರಿ ಒಂದು ಚೀಲ ತುಂಬ ರಟ್ಟಿನ ಸಣ್ಣ ಪ್ಯಾಕೆಟ್ಟು ಹೊತ್ತು ತಂದ ದಿನ ಅವಳಪ್ಪ ಬಾಲರಾಜು ಊಟ ಬಿಟ್ಟು ಎದ್ದ. ರಾತ್ರಿ ನೀರು ಕಟ್ಟಲು ಹೋದವನು ಏನು ಮಾಡುತ್ತಿದ್ದನೆಂದು ಆ ಪ್ಯಾಕೆಟ್ಟುಗಳೇ ಹೇಳುತ್ತಿದ್ದವು. "ಇದು ಬೇರೆ ಯಾರ್ದೋ ಇರ್ಬೇಕು ಕಣಮ್ಮಿ," ಎಂದ. "ಹೌದೌದು," ಎಂದಳು ಪ್ರತಿಮಾ, "ಪಂಪ್‌ಸೆಟ್ಟೇ ಕುಡೀತಿತ್ತು ಅಂತ ಕಾಣ್ತದೆ." ಮನೆಯೆಲ್ಲ ನಕ್ಕಿತು. ಗೋಡೆಯ ಕಡೆ ಮುಖ ಮಾಡಿಕೊಂಡು ಧನುವಿನ ಅಮ್ಮ ಚೈತ್ರಾಳೂ ನಕ್ಕಳು. ನಗು ಕೇಳಿಸಿ ಪ್ರತಿಮಾ ತಿರುಗಿ ನೋಡುವಷ್ಟರಲ್ಲಿ ಅವಳು ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋಗಿಯಾಗಿತ್ತು.

ಪ್ರತಿಮಾ ಮತ್ತು ಅವಳ ಓರಗಿತ್ತಿ ಚೈತ್ರಾ ಮಾತು ಬಿಟ್ಟು ತಿಂಗಳುಗಳಾಗಿದ್ದವು. ಹಿಂದಿನ ಬೆಳೆಯಲ್ಲಿ ರೇಷ್ಮೆಹುಳಗಳು ನಾಲ್ಕನೇ ಜ್ವರ ಎದ್ದು, ಎಂದರೆ ಕೊನೆಯ ಸಲ ಪೊರೆ ಬಿಟ್ಟು, ಸೊಪ್ಪು ತಿನ್ನುವ ಹೊತ್ತಿಗೆ ಒಮ್ಮೆಲೇ ತಲೆ ಎತ್ತಿ ಒದ್ದಾಡಿ, ಹಸಿರು ನೀರು ಕಕ್ಕಿ ಸತ್ತಿದ್ದವು. ಚೈತ್ರಾಳ ಕೋಣೆಯ ಕಿಟಕಿ ಹುಳದ ಮನೆಯ ಕಡೆಗೇ ತೆರೆಯುತ್ತದೆ. ಆ ಕೋಣೆಯ ಪ್ಲಗ್ಗಿನಲ್ಲಿ ಸೊಳ್ಳೆ ಔಷಧಿಯ ಬಾಟಲಿ ಇತ್ತು. ಪಕ್ಕದ ಟೊಮೆಟೊ ತೋಟದವರೂ ಆ ವಾರ ಔಷಧಿ ಹೊಡೆದಿದ್ದರು. ಯಾವುದರಿಂದ ಆಯಿತೆಂದು ಯಾರಿಗೂ ಗೊತ್ತಾಗಲಿಲ್ಲ. ಆದರೆ ಸತ್ತ ಹುಳವನ್ನು ಮಂಕರಿಯಲ್ಲಿ ತುಂಬುತ್ತ ಪ್ರತಿಮಾ ಎಲ್ಲರೆದುರು ಆಡಿದ ಮಾತು ಆಡಿಯಾಗಿತ್ತು.

ಅಂದಿನಿಂದ ಒಂದೇ ಒಲೆಯ ಮುಂದೆ ಇಬ್ಬರೂ ನಿಲ್ಲುತ್ತಿದ್ದರು, ಮಾತು ಮಾತ್ರ ಮಕ್ಕಳ ಮೂಲಕ. "ಸಾರಿಗೆ ಉಪ್ಪು ಬಿದ್ದೈತೆ ಅಂತ ನಿಮ್ಮಮ್ಮಂಗೆ ಹೇಳು ಧನು." ಧನುವಿನ ಅಮ್ಮ ಕೈ ಚಾಚಿದರೆ ಸಿಗುವಷ್ಟು ದೂರದಲ್ಲಿ ಸೊಪ್ಪು ಬಿಡಿಸುತ್ತಿರುತ್ತಿದ್ದಳು. ಮಕ್ಕಳು ಶಾಲೆಗೆ ಹೋದ ಹೊತ್ತಿನಲ್ಲಿ ಹೇಳಲೇಬೇಕಾದದ್ದು ಬಂದರೆ ಹಸುವಿಗೆ ಹೇಳುವುದು. "ಬೂಸಾ ಮುಗ್ದೋಯ್ತು ಕಣೇ ಗೌರಿ," ಎಂದು ಚೈತ್ರಾ ಕೊಟ್ಟಿಗೆಯಲ್ಲಿ ಗಟ್ಟಿಯಾಗಿ ಹೇಳಿದರೆ ಸಂಜೆಗೆ ಬೂಸಾ ಬರುತ್ತಿತ್ತು.

ಅಣ್ಣ ತಮ್ಮಂದಿರ ನಡುವೆ ಏನೂ ಇರಲಿಲ್ಲ. ಬಾಲರಾಜು, ದೇವರಾಜು ಇಬ್ಬರೂ ಗೂಡು ತೆಗೆದುಕೊಂಡು ರಾಮನಗರದ ಮಾರುಕಟ್ಟೆಗೆ ಒಂದೇ ಟೆಂಪೋದಲ್ಲಿ ಹೋಗಿ, ಬರುವಾಗ ಒಂದೇ ಹೋಟೆಲಿನಲ್ಲಿ ತಿಂದು ಬರುತ್ತಿದ್ದರು. "ಹೆಂಗಸರ ವಿಷ್ಯ, ಸರಿಹೋಯ್ತದೆ," ಎನ್ನುವುದು ಇಬ್ಬರ ಒಂದೇ ಮಾತು. ಸರಿಹೋಗಲಿಲ್ಲ. ಮುನಿಯಮ್ಮನಿಗೆ ಒಂದೇ ಭಯ. "ನಾನು ಇರೋಗಂಟ ಈ ಮನೇಲಿ ಒಲೆ ಎರಡಾಗ್ಬಾರ್ದು," ಎಂದು ಕೂತಲ್ಲಿ ನಿಂತಲ್ಲಿ ಅನ್ನುತ್ತಿದ್ದರು. ಪ್ರತಿಮಾಳಿಗೂ ಅದೇ ಭಯ, ಬೇರೆ ಕಾರಣಕ್ಕೆ. ಬೀದಿ ಕೊನೆಯ ಮನೆ ಎರಡಾದಾಗ ನಲ್ಲಿಯ ಹತ್ತಿರ ಹೆಂಗಸರು ಆ ಮನೆಯ ಹಿರಿ ಸೊಸೆಯ ಹೆಸರು ಹಿಡಿದು ಆಡಿದ್ದನ್ನು ಅವಳು ಕೇಳಿದ್ದಳು. ಆಯಮ್ಮ ಬಂದಮೇಲೆ ಮನೆ ಒಡೆಯಿತು ಎಂದು. ಆ ಹೆಂಗಸು ಈಗ ನೀರಿಗೆ ಬರುವುದು ಎಲ್ಲರೂ ಹಿಡಿದು ಹೋದಮೇಲೆ.

ಎರಡನೇ ಸುತ್ತಿನಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಕೈಗೆ ಕೊಟ್ಟದ್ದನ್ನು ಸದ್ದಿನಿಂದ ಗುರುತಿಸಿ ಸರಿಯಾದ ಚೀಲಕ್ಕೆ ಹಾಕುವ ಆಟ. ಸಿರಿ ಮನೆಯಲ್ಲಿ ಅಜ್ಜಿಯ ಕಣ್ಣಿಗೂ ಬಟ್ಟೆ ಕಟ್ಟಿ ಆಡಿಸಿದಳು. ಅದೇ ವಾರ ಯಾರು ಅತಿ ದೊಡ್ಡ ರಟ್ಟು ತರುತ್ತಾರೋ ಅವರ ತಂಡಕ್ಕೆ ಹೆಚ್ಚಿನ ಅಂಕ ಎಂದು ಮಿಸ್ಸು ಹೇಳಿದ್ದರು.

ಮಾರನೆಯ ಸಂಜೆ ಪ್ರತಿಮಾ ಮುದ್ದೆ ತೊಳಸುತ್ತಿದ್ದಾಗ ಸಿರಿ ಚೀಲ ಬಿಸಾಕಿ ಕೂತಳು. ಮುಖ ಊದಿತ್ತು.

"ಧನು ಟೀಮಿಗೆ ಬಂತು ಮಾರ್ಕು. ಎಷ್ಟು ದೊಡ್ಡ ಡಬ್ಬ ತಂದಿದ್ಲು ಗೊತ್ತಾ? ಹೊಸದು."

"ಅಂಗಡಿಯಿಂದ ಇಸ್ಕಂಡಿರ್ತಾಳೆ."

"ಇಲ್ಲಮ್ಮ, ಅವ್ರ ರೂಮಿಂದೇ. ಗ್ಯಾಸಿನ ಒಲೆ ಚಿತ್ರ ಇತ್ತು ಅದ್ರ ಮೇಲೆ. ಎರಡು ಬರ್ನರ್‌ದು."

ಮುದ್ದೆ ಕೋಲು ಪಾತ್ರೆಯಲ್ಲಿ ನಿಂತಿತು. ತಳ ಹತ್ತಿದ ವಾಸನೆ ಬಂದಮೇಲೆ ಪ್ರತಿಮಾ ಅದನ್ನು ಇಳಿಸಿದಳು.

ಅವಳು ಯಾರಿಗೂ ಹೇಳಲಿಲ್ಲ. ಚೈತ್ರಾ ಹಾಲು ಹಾಕಲು ಡೈರಿಗೆ ಹೋದಾಗ ಆ ಕೋಣೆಯ ಬಾಗಿಲಲ್ಲಿ ನಿಂತು ಬಗ್ಗಿ ನೋಡಿದಳು. ಮಂಚದ ಕೆಳಗೆ ಹಳೆಯ ದುಪ್ಪಟಿ ಹೊದ್ದು ಒಲೆ ಕೂತಿತ್ತು. ಅದರ ಡಬ್ಬವನ್ನು ಮಾತ್ರ ಮಗು ಮಾರ್ಕಿನಾಸೆಗೆ ಕಳಚಿಕೊಂಡು ಹೋಗಿತ್ತು.

ಹೇಳುವ ಕೆಲಸವನ್ನು ಸಿರಿಯೇ ಮಾಡಿದಳು. ಅಜ್ಜಿಗೆ ಹೇಳಿದ್ದು ಸೋತ ಸಂಕಟಕ್ಕೆ, ಬೇರೇನೂ ಅರ್ಥವಾಗಿ ಅಲ್ಲ. ರಾತ್ರಿ ಎಲ್ಲರೂ ತಟ್ಟೆ ಮುಂದೆ ಕೂತ ಕೂಡಲೆ ಮುನಿಯಮ್ಮ ಕಿರಿಮಗನನ್ನು ಹಿಡಿದರು.

"ಏನ್ಲಾ ದೇವರಾಜ, ಮಂಚದ ಕೆಳ್ಗೆ ಏನಿಕ್ಕಿದ್ದೀಯಾ?"

"ಎಲ್ಲಿ?"

"ಎಲ್ಲಿ ಅಂತೀಯಾ? ಅದ್ರ ಡಬ್ಬಕ್ಕೆ ಇಸ್ಕೂಲಲ್ಲಿ ಮಾರ್ಕು ಕೊಟ್ಟವ್ರೆ. ಊರಿಗೆಲ್ಲ ಗೊತ್ತಾಗೈತೆ, ನಿಂಗೆ ಗೊತ್ತಿಲ್ವಾ?"

ದೇವರಾಜು ಹೆಂಡತಿಯ ಕಡೆ ನೋಡಿದ. ಧನು ತಟ್ಟೆ ಬಿಟ್ಟು ಅಜ್ಜಿಯ ಕಡೆ ಸರಿದಳು. "ನಾನು ಒಲೆ ಮುಟ್ಲಿಲ್ಲ ಅಜ್ಜಿ. ಡಬ್ಬ ಮಾತ್ರ ತಗಂಡೆ. ಅದು ವೇಸ್ಟು ಅಲ್ವಾ?"

"ನಿಂದೇನೂ ತಪ್ಪಿಲ್ಲ ಕೂಸೆ. ದೊಡ್ಡೋರು ಮಾಡೋ ಕೆಲ್ಸ ಇದು."

"ಚನ್ನಪಟ್ಟಣದಲ್ಲಿ ಕಂಡೆ, ತಂದಿಟ್ಟೆ ಅಷ್ಟೇ ಕಣವ್ವಾ," ಎಂದ ದೇವರಾಜು. "ಇವತ್ತೇ ಹತ್ತಿಸ್ತೀವಿ ಅಂದ್ನಾ?"

"ಇವತ್ತಲ್ದಿದ್ರೆ ನಾಳೆ. ಒಲೆ ಏನು ಗೊಂಬೆನಾ, ತಂದು ನೋಡ್ಕಂಡು ಕೂರಾಕೆ?"

ಚೈತ್ರಾ ತಲೆ ಎತ್ತದೆ ಅತ್ತೆಗೆ ಹೇಳಿದಳು, "ನಾನು ಹುಳ ಸಾಯ್ಸಿದೋಳು ಅತ್ತೆ. ನನ್ನ ಕೈಯಡುಗೆ ಇವರೆಲ್ಲ ಯಾಕೆ ಉಣ್ಬೇಕು?"

"ನಾನು ಹಂಗಂದ್ನಾ ಅತ್ತೆ?" ಎಂದಳು ಪ್ರತಿಮಾ, ಅವಳೂ ಅತ್ತೆಗೇ.

"ಅಂದ್ರು. ಎಲ್ರ ಮುಂದೇನೇ ಅಂದ್ರು."

"ಸೊಪ್ಪು ಕುಯ್ದು ಕುಯ್ದು ಬೆರಳು ಸೀಳೋಗಿತ್ತು. ಹೊಟ್ಟೆ ಉರೀತು, ಅಂದೆ. ನಾನೇನು ದ್ಯಾವ್ರಾ?"

"ನಂದೂ ಬೆರಳು ಸೀಳಿತ್ತು ಅತ್ತೆ. ಅವರದ್ದು ಮಾತ್ರ ಅಲ್ಲ."

"ನನ್ನ ಮಖ ನೋಡ್ಕಂಡು ಇಬ್ರೂ ಬಯ್ದಾಡ್ಬೇಡ್ರೇ!" ಎಂದು ಮುನಿಯಮ್ಮ ರೇಗಿದರು. "ಅವಳು ಅಲ್ಲೇ ಅವ್ಳೆ, ಇವಳು ಇಲ್ಲೇ ಅವ್ಳೆ. ನಾನೇನು ಟಪಾಲಿನೋಳಾ?"

ಬಾಲರಾಜು ಮುದ್ದೆಯನ್ನು ಸಾರಿನಲ್ಲಿ ಅದ್ದಿ ಅದ್ದಿ ನುಂಗುವ ಸದ್ದಷ್ಟೇ ಕೇಳುತ್ತಿತ್ತು. ಅವನಿಗೂ ಅದು ಕೇಳಿಸಿರಬೇಕು, ಸ್ವಲ್ಪ ಹೊತ್ತಿಗೆ ಅವನೂ ಕೈ ನಿಲ್ಲಿಸಿದ.

ಮುಂದಿನ ವಾರ ಕೊನೆಯದಾದ ಮೂರನೇ ಸುತ್ತು ಬಂತು. ಹಳೆಯ, ಕೆಟ್ಟ, ಮುರಿದ ಸಾಮಾನಿನಿಂದ ಮನೆಗೆ ಬೇಕಾದ ಒಂದು ವಸ್ತು ಮಾಡಬೇಕು. ಮಾಡಿ ಶಾಲೆಗೆ ತಂದು ತೋರಿಸಿದರೆ ಸಾಲದು, ಮನೆಯವರು ಅದನ್ನು ನಿಜವಾಗಿ ಬಳಸುತ್ತಿರಬೇಕು. ಮಿಸ್ಸು ಮನೆಮನೆಗೆ ಬಂದು ನೋಡುತ್ತಾರೆ. ಒಂದು ಮನೆಗೆ ಒಂದೇ ವಸ್ತು.

"ಅಕ್ಕ ತಂಗೀರು ಇದ್ರೆ ಮಿಸ್?" ಎಂದು ಧನು ಕೇಳಿದ್ದಳು.

"ಸೇರಿ ಮಾಡಿ."

"ಟೀಮು ಬೇರೆ ಮಿಸ್."

ಮಿಸ್ಸು ಯೋಚಿಸಿದ್ದರು. "ಒಂದು ಅಡುಗೆಮನೆ ಇದ್ರೆ ಒಂದು ಮನೆ ಅಂತ ಲೆಕ್ಕ. ನಿಮ್ಮದು ಒಂದಾ ಎರಡಾ, ಕೇಳ್ಕೊಂಡು ಬನ್ನಿ."

ಮಕ್ಕಳು ಮನೆಗೆ ಬಂದು ಕೇಳಿದರು. ಅದೂ ಊಟದ ಹೊತ್ತಿಗೆ.

"ನಮ್ದು ಒಂದು ಮನೆನಾ, ಎರಡಾ?" ಎಂದಳು ಸಿರಿ. "ಮಿಸ್ಸು ನಾಳೆ ಬರ್ಕೊತಾರೆ."

ಬಾಲರಾಜು ನೀರಿನ ಚೊಂಬಿನೊಳಗೆ ನೋಡಿದ. ದೇವರಾಜು ತಟ್ಟೆಯ ಅಂಚನ್ನು ಬೆರಳಿನಿಂದ ಒರೆಸಿದ. ಹೊರಗೆ ಹಸು ಕೊರಳು ಅಲ್ಲಾಡಿಸಿದ ಗಂಟೆ ಕೇಳಿಸಿತು.

"ಒಂದೇ ಅಂತ ಹೇಳ್ರವ್ವಾ," ಎಂದರು ಮುನಿಯಮ್ಮ.

"ಒಂದೇ ಆದ್ರೆ ಮಾರ್ಕು ಯಾರಿಗೆ?" ಎಂದಳು ಧನು.

"ನಾನು ದೊಡ್ಡೋಳು. ನಂಗೆ."

ಧನು ಅಮ್ಮನ ಕಡೆ ತಿರುಗಿದಳು. ಪ್ರತಿಮಾ ಒಂದು ಕೊಂಕು ಮಾತಿಗೆ ಕಾದಳು. ಅದಕ್ಕೆ ಉತ್ತರವೂ ಅವಳ ನಾಲಿಗೆ ತುದಿಯಲ್ಲಿತ್ತು. ಚೈತ್ರಾ ಮಗಳ ತಟ್ಟೆಗೆ ಸಾರು ಬಿಡುತ್ತ ಮೆಲ್ಲಗೆ ಹೇಳಿದಳು, "ಬುಡು ಮಗ. ಸಿರಿ ಅಕ್ಕನೇ ಮಾಡ್ಲಿ. ಇದು ದೊಡ್ಡಮ್ಮನ ಮನೆ ಅಲ್ವಾ."

ಆ ದನಿಯಲ್ಲಿ ಕೊಂಕಿರಲಿಲ್ಲ. ಬೇರೆಯವರ ಮನೆಗೆ ಬಂದ ತಾಯಿ ಮಗುವಿಗೆ ಅಲ್ಲಿಯ ಸಾಮಾನು ಮುಟ್ಟಬೇಡ ಎಂದು ಹೇಳುವ ಹಾಗಿತ್ತು. ಪ್ರತಿಮಾ ಸೌಟನ್ನು ಪಾತ್ರೆಯೊಳಗೆ ಇಟ್ಟಳು.

"ಎರಡು," ಎಂದಳು.

ಎಲ್ಲರೂ ಅವಳನ್ನು ನೋಡಿದರು.

"ಎರಡು ಅಂತ ಬರೆಸು ಧನು. ಒಲೆ ತಂದವ್ರೆ, ಹತ್ತಿಸ್ಲಿ. ಮಂಚದ ಕೆಳ್ಗೆ ಇದ್ರೆ ತುಕ್ಕು ಹಿಡೀತದೆ."

"ಬಾಯಿಗೆ ಬಂದಂಗೆ ಆಡ್ಬೇಡ ಕಣಮ್ಮಿ! ಊರೋರು ಏನಂತಾರೆ?"

"ನನ್ನೇ ಅಂತಾರೆ ಅತ್ತೆ. ಹಿರಿ ಸೊಸೆ ಮನೆ ಒಡೆದ್ಲು ಅಂತಾರೆ. ಅನ್ಲಿ."

ಚೈತ್ರಾ ಅವಳ ಮುಖವನ್ನು ನೋಡಿದಳು. ಎಷ್ಟೋ ದಿನಗಳ ಮೇಲೆ, ನೇರವಾಗಿ. ಪ್ರತಿಮಾ ಎದ್ದು ಕೈ ತೊಳೆಯಲು ಹಿತ್ತಲಿಗೆ ಹೋದಳು.

ಮುನಿಯಮ್ಮ ಎರಡು ದಿನ ಮುಸುಕು ಹೊದ್ದು ಮಲಗಿದರು. ಪಡಸಾಲೆಯ ಪಕ್ಕದ ಸಾಮಾನಿನ ಕೋಣೆ ಖಾಲಿ ಮಾಡಿ, ಅಣ್ಣ ತಮ್ಮ ಸೇರಿ ಸುಣ್ಣ ಬಳಿದು ಕಲ್ಲುಚಪ್ಪಡಿ ಕೂರಿಸಿದರು. ಹೊಲ ಒಂದೇ, ಹುಳ ಒಂದೇ, ಹಸು ಒಂದೇ. ಒಲೆ ಮಾತ್ರ ಎರಡು ಎಂದು ಮಾತಾಯಿತು. ಹಾಲುಕ್ಕಿಸುವ ಬೆಳಗ್ಗೆ ಮುನಿಯಮ್ಮ ಮುಸುಕು ತೆಗೆದು ಎದ್ದು ಬಂದರು. ಚೈತ್ರಾ ಲೈಟರು ಹಿಡಿದಿದ್ದನ್ನು ಕಂಡು ಕೂಗಿದರು.

"ಅದ್ರಲ್ಲಿ ಹತ್ತಿಸ್ಬ್ಯಾಡ ಕಣೇ! ಹಳೇ ಒಲೆ ಬೆಂಕಿ ಹೋಗ್ಬೇಕು ಹೊಸದಕ್ಕೆ. ನಮ್ಮತ್ತೆ ಕಾಲದಿಂದ್ಲೂ ಹಂಗೇಯ. ಪ್ರತಿಮಾ, ದೀಪ ತತ್ತಾ."

ಪ್ರತಿಮಾ ತನ್ನ ಒಲೆಯಲ್ಲಿ ದೀಪ ಹೊತ್ತಿಸಿ, ಗಾಳಿಗೆ ಅಂಗೈ ಅಡ್ಡ ಹಿಡಿದು ಪಡಸಾಲೆ ದಾಟಿ ಬಂದಳು. ಚೈತ್ರಾ ಬರ್ನರಿನ ತಿರುಪು ತಿರುಗಿಸಿದಳು. ಪ್ರತಿಮಾ ದೀಪ ಬಗ್ಗಿಸಿದಳು. ಭುಸ್ಸೆಂದು ನೀಲಿ ಉರಿ ಎದ್ದು ಇಬ್ಬರೂ ಒಟ್ಟಿಗೆ ಕೈ ಹಿಂದಕ್ಕೆಳೆದುಕೊಂಡರು. ಹಾಲು ಉಕ್ಕುವವರೆಗೂ ಪ್ರತಿಮಾ ಅಲ್ಲೇ ನಿಂತಿದ್ದಳು.

ನಲ್ಲಿಯ ಹತ್ತಿರ ಅಂದವರು ಅಂದರು. ಪ್ರತಿಮಾ ಎಲ್ಲರೂ ಇರುವಾಗಲೇ ಹೋಗಿ, ಬಿಂದಿಗೆ ತುಂಬಿಸಿಕೊಂಡು ಬಂದಳು. ಕೈಯಳತೆ ಮಾತ್ರ ಅವಳ ಮಾತು ಕೇಳಲಿಲ್ಲ. ನಾಲ್ಕು ಜನಕ್ಕೆ ಏಳು ಜನದ ಹಿಟ್ಟು ಬೀಳುತ್ತಿತ್ತು. ಉಳಿದ ಮುದ್ದೆಗೆ ಹಸು ದಪ್ಪಗಾಯಿತು. ಮುನಿಯಮ್ಮ ಹಿರಿಯಳ ಮನೆಯಲ್ಲಿ ಮುದ್ದೆ ಹಾಕಿಸಿಕೊಂಡು, ತಟ್ಟೆ ಹಿಡಿದು ಪಡಸಾಲೆ ದಾಟಿ ಕಿರಿಯಳ ಮನೆಯಲ್ಲಿ ಸಾರು ಬಿಡಿಸಿಕೊಳ್ಳುತ್ತಿದ್ದರು. "ಇವಳ ಮುದ್ದೆ ಅವಳಿಗೆ ಬರಕಿಲ್ಲ, ಅವಳ ಸಾರು ಇವಳಿಗೆ ಬರಕಿಲ್ಲ," ಎಂದು ಎರಡೂ ಕಡೆ ಕೇಳುವ ಹಾಗೆ ಹೇಳುತ್ತಿದ್ದರು.

ಗೋಡೆಯ ಆಚೆ ಸಾಸಿವೆ ಸಿಡಿಯುವುದು ಕೇಳಿಸುತ್ತಿತ್ತು. ಇವತ್ತು ಹುರುಳಿ, ಇವತ್ತು ಅವರೆ ಎಂದು ವಾಸನೆಯಲ್ಲೇ ಪ್ರತಿಮಾಳಿಗೆ ತಿಳಿಯುತ್ತಿತ್ತು. ಚೈತ್ರಾ ಅಡುಗೆ ಮಾಡುವಾಗ ಗುನುಗುತ್ತಾಳೆ ಎನ್ನುವುದು ಅವಳಿಗೆ ತಿಳಿದದ್ದೂ ಈಗಲೇ. ಇಷ್ಟು ವರ್ಷ ಒಂದೇ ಒಲೆಯ ಮುಂದೆ ನಿಂತು ಅದನ್ನು ಕೇಳಿರಲಿಲ್ಲ.

ಸಿರಿ ಬೂಸಾ ಚೀಲ ಕತ್ತರಿಸಿ, ಅಮ್ಮನ ಕೈಯಲ್ಲಿ ಹೊಲಿಸಿ, ಸೊಪ್ಪು ತರುವ ಜೋಳಿಗೆ ಮಾಡಿದಳು. ಮೇಲೆ ದೊಡ್ಡದಾಗಿ 'ಕಣ್ವ' ಎಂದು ಬರೆದಳು. ಬಾಲರಾಜು ಅದನ್ನು ಹೆಗಲಿಗೆ ಹಾಕಿಕೊಂಡು ತೋಟಕ್ಕೆ ಹೊರಟರೆ ಎದುರು ಸಿಕ್ಕವರು ಕೇಳುತ್ತಿದ್ದರು, "ಏನ್ಲಾ ಬಾಲರಾಜ, ಯಾವ ಪಾರ್ಟಿ ಇದು?"

ಹೊಸ ಅಡುಗೆಮನೆಯಲ್ಲಿ ಎಲ್ಲದಕ್ಕೂ ಕೊರತೆ. ಸುಣ್ಣದ ಬಕೆಟ್ಟು ತೊಳೆಸಿಕೊಂಡು ರಾಗಿಹಿಟ್ಟಿನ ಡಬ್ಬವಾಗಿತ್ತು. ತಟ್ಟೆಗಳು ಮಾತ್ರ ನೆಲದ ಮೇಲೇ ಇದ್ದವು. ಒಂದು ಸಂಜೆ ಧನು ಪ್ರತಿಮಾಳ ಸೆರಗು ಎಳೆದಳು.

"ದೊಡ್ಡಮ್ಮ, ಆ ಮುರಿದೋಗಿರೋ ಚಂದ್ರಿಕೆ ಕೊಡ್ತೀಯಾ?"

ಹಣ್ಣಾದ ಹುಳ ಗೂಡು ಕಟ್ಟಲು ಬಿಡುವ ಬಿದಿರಿನ ದೊಡ್ಡ ತಟ್ಟಿ ಅದು. ಮೇಲೆ ಸುರುಳಿಯಾಗಿ ನಿಲ್ಲಿಸಿದ ಬಿದಿರ ಪಟ್ಟಿ ಒಂದು ಮೂಲೆಯಲ್ಲಿ ಬಿಚ್ಚಿಹೋಗಿ, ನೀರೊಲೆಗೆಂದು ಗೋಡೆಗೆ ಒರಗಿತ್ತು.

"ಏನಕ್ಕೆ?"

"ಗೋಡೆಗೆ ನೇತಾಕಿದ್ರೆ ಆ ಸಂದೀಲಿ ತಟ್ಟೆ ನಿಲ್ತವೆ. ನೋಡಿದೀನಿ."

"ಕೊಡ್ಬೇಡಮ್ಮಾ!" ಸಿರಿ ಒಳಗಿನಿಂದ ಓಡಿ ಬಂದಳು. "ಅವ್ಳು ಗೆದ್ಬುಡ್ತಾಳೆ! ನೀನು ಯಾವ ಟೀಮಮ್ಮ?"

ಪ್ರತಿಮಾ ಚಂದ್ರಿಕೆಯನ್ನು ಬಿಸಿಲಿಗೆ ಹಿಡಿದು ನೋಡಿದಳು. ಬಿಚ್ಚಿದ ಪಟ್ಟಿಯನ್ನು ಬಾಳೆನಾರಿನಿಂದ ಬಿಗಿದು ಕಟ್ಟಿದಳು. "ನೀನು ಆ ಕಡೆ ಹಿಡ್ಕೋ," ಎಂದು ಸಿರಿಗೇ ಹೇಳಿ, ಮೂವರೂ ಸೇರಿ ಪಡಸಾಲೆಯವರೆಗೆ ಹೊತ್ತು ಒರಗಿಸಿ ಬಂದರು. ಮಾರನೆಯ ದಿನ ಗೋಡೆಯ ಆಚೆ ಮೊಳೆ ಹೊಡೆಯುವ ಸದ್ದು ಕೇಳಿಸಿತು.

ಶನಿವಾರ ಶಾಲೆ ಬಿಟ್ಟ ಮೇಲೆ ಜ್ಯೋತಿಲಕ್ಷ್ಮಿ ಮಿಸ್ಸು ಬಂದರು. ಮೊದಲು ಪ್ರತಿಮಾಳ ಮನೆ. ಜೋಳಿಗೆಯ ಒಳಗೆ ಕೈ ಹಾಕಿ, ಸೊಪ್ಪಿನ ಹಸಿ ಕಲೆ ನೋಡಿ, "ನಿಜವಾಗಿ ಬಳಸ್ತಿದ್ದೀರಿ," ಎಂದು ಬರೆದುಕೊಂಡರು. ಆಮೇಲೆ ಪಡಸಾಲೆ ದಾಟಿ ಆಚೆ ಹೋದರು. ಹಿಂದೆಯೇ ಹೋಗಿದ್ದ ಸಿರಿ ಸ್ವಲ್ಪ ಹೊತ್ತಿಗೆ ಓಡಿ ಬಂದು ಕಂಬಕ್ಕೆ ಹಣೆ ಒತ್ತಿ ನಿಂತಳು.

"ಸೋತೋದ್ವಿ. ಮಿಸ್ಸು ಚಂದ್ರಿಕೆ ಫೋಟೋ ಹಿಡ್ಕೊಂಡ್ರು. ಎಲ್ಲಾ ಮಕ್ಕಳಿಗೂ ತೋರಿಸ್ತಾರಂತೆ. ನಾನು ಧನುಗೆ ಅನ್ನ ಬಡಿಸ್ಬೇಕು!"

"ಬಡಿಸು. ಕೈ ಸವೆಯಾಕಿಲ್ಲ."

"ನೀನೇ ಕೊಟ್ಟಿದ್ದು!"

"ನಾನೇ ಕೊಟ್ಟಿದ್ದು. ಹೋಗು, ಮುಖ ತೊಳ್ಕೋ."

ಸಿರಿ ಹೋದಮೇಲೆ ಪ್ರತಿಮಾ ಮಿಸ್ಸು ಕುಡಿದಿಟ್ಟ ನೀರಿನ ಲೋಟ ತೆಗೆದಳು. ಬಾಗಿಲಲ್ಲಿ ಯಾರೋ ನಿಂತ ನೆರಳು ನೆಲದ ಮೇಲೆ ಬಿತ್ತು. ಅಕ್ಕಪಕ್ಕ ಮಕ್ಕಳಿರಲಿಲ್ಲ. ಅತ್ತೆ ಆ ಮನೆಯಲ್ಲಿ ಮಿಸ್ಸಿನೊಡನೆ ಮಾತಿಗೆ ಕೂತಿದ್ದರು. ಹಸು ಮೇಯಲು ಹೋಗಿತ್ತು.

"ಅಕ್ಕಾ," ಎಂದಳು ಚೈತ್ರಾ. ಕೈಯಲ್ಲಿ ಖಾಲಿ ಲೋಟವಿತ್ತು. "ಮಿಸ್ಸಿಗೆ ಟೀಗಿಟ್ಟೆ. ನೋಡ್ತೀನಿ, ಸಕ್ಕರೆ ಇಲ್ಲ. ಒಸಿ ಐತಾ?"

ಪ್ರತಿಮಾ ಲೋಟ ಇಸಿದುಕೊಂಡು ಅಟ್ಟಣೆಯ ಡಬ್ಬ ಇಳಿಸಿದಳು. ಒಂದು ಹಿಡಿ ಹಾಕಿದಳು, ಇನ್ನೊಂದು ಹಾಕಿದಳು. ಲೋಟದ ಕಂಠ ಮೀರಿ ಗೋಪುರವಾಗುವವರೆಗೂ ಹಾಕಿದಳು.

"ಇಷ್ಟೊಂದು ಬ್ಯಾಡಕ್ಕ. ವಾಪಸ್ ಕೊಡಬೇಕಲ್ಲ ನಾನು."

"ಕೊಡಾಕಾದ್ರೂ ಬತ್ತೀಯಲ್ಲ," ಎಂದಳು ಪ್ರತಿಮಾ.